ಮಕ್ಕಳ ಕೈಗೆ ಸುಗ್ಗಿ ರೊಕ್ಕ

ಮಕ್ಕಳ ಕೈಖರ್ಚಿಗೆ ಎಷ್ಟು ಕೊಡಬೇಕೆಂಬುದನ್ನು ಅಂದಾಜಿನಲ್ಲಿ ಗೊತ್ತು ಮಾಡಬಾರದು. ಮೊದಲು ಒಂದು ತಿಂಗಳು ಸುಮ್ಮನೆ ಬರೆದಿಡಿ: ಚಿಪ್ಸ್, ಪೆನ್ನು, ರಬ್ಬರು, ಸಂತೆಯಲ್ಲಿ ತಿಂದ ಮಿರ್ಚಿ ಮಂಡಕ್ಕಿ, ಮಗುವಿಗೆಂದು ಹೋದ ಎಲ್ಲ ಚಿಲ್ಲರೆ ಖರ್ಚು. ಅದನ್ನು ನಾಲ್ಕರಿಂದ ಭಾಗಿಸಿದರೆ ವಾರದ ಮೊತ್ತ. ಗಂಗಾವತಿಯ ನಮ್ಮ ಮನೆಯಲ್ಲಿ ಅದು ಎರಡನೇ ತರಗತಿಗೆ 20, ಐದನೇ ತರಗತಿಗೆ 50 ರೂಪಾಯಿ. ಇದು ಹೊಸ ಖರ್ಚಲ್ಲ, ನಾವು ಮಾಡುತ್ತಿದ್ದದ್ದೇ ಅವರ ಕೈಗೆ ಹೋಗಿದೆ. ಹಾಗಾಗಿ ಆ ಸಾಮಾನುಗಳಿಗೆ ಮತ್ತೆ ನಮ್ಮ ಜೇಬಿನಿಂದ ಕೊಡುವಂತಿಲ್ಲ.

ಕೊಡುವ ದಿನ ಸೋಮವಾರ. ಶನಿವಾರ ಕೊಟ್ಟದ್ದು ಭಾನುವಾರ ಸಂಜೆಗೆ ಇರುವುದಿಲ್ಲ. ಐವತ್ತರ ಒಂದೇ ನೋಟು ಕೊಟ್ಟರೆ ಮಗುವಿಗೆ ಎತ್ತಿಡಲು ಬಾರದು. ಹತ್ತರ ಐದು ನೋಟು ಕೊಟ್ಟರೆ ಒಂದಾದರೂ ಡಬ್ಬಿ ಸೇರುತ್ತದೆ. ಡಬ್ಬಿ ಗಾಜಿನದೋ ಪ್ಲಾಸ್ಟಿಕ್ಕಿನದೋ, ಒಳಗಿನದು ಕಾಣುವಂತಿರಬೇಕು. ಮಣ್ಣಿನ ಹುಂಡಿ ನೋಡಲು ಚೆಂದ, ಆದರೆ ಒಡೆಯುವ ತನಕ ಲೆಕ್ಕ ಸಿಗದು. ದಾನಕ್ಕೆಂದು ಇನ್ನೊಂದು ಡಬ್ಬಿ ಇಡಿ ಎಂದು ಹಲವರು ಹೇಳುತ್ತಾರೆ. ಕಡ್ಡಾಯ ಮಾಡಿದರೆ ಅದು ದಾನವಲ್ಲ, ತೆರಿಗೆ, ನಾವು ಇಟ್ಟಿಲ್ಲ.

ವ್ಯವಸ್ಥೆ ಹದಗೆಡುವುದು ಹೆಚ್ಚಾಗಿ ದೊಡ್ಡವರಿಂದಲೇ. ರೊಕ್ಕ ಮುಗಿಯಿತೆಂದರೆ ಅಜ್ಜಿ ಸೆರಗಿನ ಗಂಟು ಬಿಚ್ಚುತ್ತಾಳೆ. ಹಬ್ಬಕ್ಕೆ ಬಂದ ಮಾವ ಕೊಟ್ಟ ನೂರನ್ನು ತಾಯಿ ‘ಕೊಡಿಲ್ಲಿ, ನಾ ಇಟ್ಟಿರ್ತೀನಿ’ ಎಂದು ಇಸಕೊಳ್ಳುತ್ತಾಳೆ, ಅದು ತಿರುಗಿ ಬರುವುದಿಲ್ಲ. ಉಳಿಸಿದ್ದು ಹೋಗುತ್ತದೆ, ಖರ್ಚು ಮಾಡಿದ್ದೇ ತನ್ನದು ಎಂದು ಮಗು ಅಲ್ಲೇ ಕಲಿಯುತ್ತದೆ. ಇಸಕೊಂಡರೆ ಮಗುವಿನ ಎದುರೇ ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಕೇಳಿದ ದಿನ ಕೊಡಬೇಕು. ಅಜ್ಜಿಗೂ ಒಂದು ದಾರಿಯಿದೆ: ಅವಳು ಕೊಡುವುದನ್ನು ಸೋಮವಾರವೇ ಕೊಡಲಿ.

ಸಂತೆಗೆ ಕಳಿಸುವಾಗ 100 ರೂಪಾಯಿ ಮತ್ತು ನಾಲ್ಕು ಸಾಮಾನಿನ ಚೀಟಿ ಸಾಕು. ಪಾವು ಕಿಲೋ ದರ ಮತ್ತು ಕಿಲೋ ದರ ಎರಡನ್ನೂ ಕೇಳಿ ಬರಲು ಹೇಳಿ. ಪಾವು ಕಿಲೋ ಬದನೆಕಾಯಿ 15, ಕಿಲೋಗೆ 50 ಎಂದರೆ ಪಾವಿನ ಲೆಕ್ಕದಲ್ಲಿ ಕಿಲೋಗೆ 60 ಬೀಳುತ್ತದೆ; ಆದರೆ ಮನೆಗೆ ಬೇಕಿರುವುದು ಪಾವೇ ಆದರೆ ಕಿಲೋ ತರುವುದು ಉಳಿತಾಯವಲ್ಲ. ಉಳಿದ ಚಿಲ್ಲರೆ ಪೂರ್ತಿ ನಿನಗೇ ಎಂದರೆ ಕೊಳೆತ ಟೊಮೆಟೊ ಮನೆಗೆ ಬರುತ್ತದೆ. ಚೀಲ ಸುರುವಿ ನೋಡಿ, ಮಾಲು ಸರಿಯಿದ್ದರೆ ಉಳಿದದ್ದರಲ್ಲಿ ಅರ್ಧ ಕೊಡುತ್ತೇವೆ. ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟಾಗ ರೊಕ್ಕ ಹೋದದ್ದು ಮಕ್ಕಳಿಗೆ ಕಾಣುವುದೇ ಇಲ್ಲ, ಆ ಮೊತ್ತವನ್ನು ಅವರ ಕೈಯಲ್ಲೇ ಬರೆಸಬೇಕು.

ಹೆಚ್ಚು ಸಮಯ ಕೊಡಬೇಕಾದದ್ದು ಉದ್ರಿಗೆ. ವಾರದ ಮೊತ್ತ ಮೀರದಂತೆ ಮಗುವಿಗೆ ಸಾಲ ಕೊಡಿ, ಬಡ್ಡಿ ಹತ್ತಕ್ಕೆ ಒಂದು. 20 ತೆಗೆದುಕೊಂಡವರಿಗೆ ಮುಂದಿನ ಸೋಮವಾರ 22 ಮುರಿದುಕೊಂಡು ಉಳಿದದ್ದು ಕೊಡುವುದು. ಬೇಕೆಂದೇ ಇಷ್ಟು ದುಬಾರಿ ಇಟ್ಟಿದ್ದೇವೆ. ಏಳನೇ ತರಗತಿಗೆ ಬಂದ ಮೇಲೆ ಊರಿನ ಬಡ್ಡಿಯನ್ನೇ ಲೆಕ್ಕ ಹಾಕಿಸಬಹುದು. ನಮ್ಮ ಕಡೆ ‘ನೂರಕ್ಕೆ ಎರಡು’ ಎಂದರೆ ತಿಂಗಳಿಗೆ, ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹತ್ತು ಸಾವಿರಕ್ಕೆ ವರ್ಷಕ್ಕೆ 2,400. ಕಟ್ಟದೆ ವರ್ಷಕ್ಕೊಮ್ಮೆ ಅಸಲಿಗೆ ಸೇರಿಸುತ್ತ ಹೋದರೆ ಮೂರನೇ ವರ್ಷದ ಕೊನೆಗೆ 19,000 ದಾಟುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲಕ್ಕೆ ಶೇ. 7, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ. 4, ಅಂದರೆ ಅದೇ ಹತ್ತು ಸಾವಿರಕ್ಕೆ ವರ್ಷಕ್ಕೆ 400. ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆಸಿ.

ಹತ್ತು ವರ್ಷ ತುಂಬಿದ ಮಗು ತನ್ನ ಹೆಸರಿನಲ್ಲೇ ಉಳಿತಾಯ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ, ಮಿತಿಯನ್ನು ಆಯಾ ಬ್ಯಾಂಕು ಹಾಕುತ್ತದೆ. ನಮಗೆ ಹಿಡಿಸಿದ್ದು ಅಂಚೆ ಕಚೇರಿಯ ಆರ್.ಡಿ., ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿ. ತಿಂಗಳಿಗೆ ಕನಿಷ್ಠ 100 ರೂಪಾಯಿ, ಐದು ವರ್ಷ. ಒಂದು ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಅದನ್ನು ಮಗುವೇ ಕಟ್ಟಲಿ.

ಇಷ್ಟೆಲ್ಲ ಕಲಿತರೂ ವಾರದ ಕೈಖರ್ಚು ನೌಕರಿಯ ಸಂಬಳದ ಹಾಗೆ, ಕಾಲುವೆ ನೀರಿನ ಭತ್ತದ ಮನೆಗೆ ರೊಕ್ಕ ಹಾಗೆ ಬರುವುದಿಲ್ಲ. ಅದಕ್ಕೇ ಎಂಟನೇ ತರಗತಿಯಿಂದ ವಾರದ್ದು ನಿಲ್ಲಿಸಿ ‘ಸುಗ್ಗಿ ರೊಕ್ಕ’ ಕೊಡುತ್ತೇವೆ. ಮುಂಗಾರಿನ ಭತ್ತ ಮಾರಿದ ಮೇಲೆ, ಡಿಸೆಂಬರಿನಲ್ಲಿ, ಒಮ್ಮೆಗೇ 3,000 ರೂಪಾಯಿ. ನೋಟ್‌ಬುಕ್, ಚಪ್ಪಲಿ, ಕಟಿಂಗ್, ತಿನಿಸು, ಯುಗಾದಿಯ ಬಟ್ಟೆ ಎಲ್ಲ ಅದರಲ್ಲೇ, ಬೇಸಿಗೆ ಬೆಳೆ ಬರುವವರೆಗೆ ಐದು ತಿಂಗಳು. ಪೆಟ್ಟು ಬೀಳುವುದು ಜನವರಿಯಲ್ಲಿ. ಕೊಪ್ಪಳದ ಗವಿಮಠದ ಜಾತ್ರೆ ಬರುವ ಹೊತ್ತಿಗೆ ಕೈಯಲ್ಲಿ ರೊಕ್ಕ ತುಂಬಿರುತ್ತದೆ. ಯುಗಾದಿ ಬಟ್ಟೆಯ ರೊಕ್ಕವನ್ನು ಜಾತ್ರೆಗೆ ಮೊದಲೇ ಲಕೋಟೆಯಲ್ಲಿ ಹಾಕಿ, ಮೇಲೆ ಹೆಸರು ಬರೆಸಿಡಬೇಕು. ಫೆಬ್ರುವರಿಯಲ್ಲಿ ಖಾಲಿಯಾದರೆ ನೋಟ್‌ಬುಕ್ಕಿಗೆ ಮಾತ್ರ ಉದ್ರಿ, ಬೇರೆ ಯಾವುದಕ್ಕೂ ಇಲ್ಲ. ತುಂಗಭದ್ರಾ ಡ್ಯಾಮಿನಿಂದ ಎರಡನೇ ಬೆಳೆಗೆ ನೀರು ಬಿಡುವುದಿಲ್ಲವೆಂದು ಗೊತ್ತಾದ ವರ್ಷ, ರೊಕ್ಕ ಕೊಡುವಾಗಲೇ ಅದನ್ನು ಹೇಳಿಬಿಡಬೇಕು. ಆಗ ಅದೇ 3,000ವನ್ನು ಹನ್ನೆರಡು ತಿಂಗಳಿಗೆ ಹಂಚಬೇಕು, ತಿಂಗಳಿಗೆ 600 ಇದ್ದದ್ದು 250 ಆಗುತ್ತದೆ.