ಹಸಿರು ಬೇಲಿ ಹಚ್ಚಿದ ನನ್ನ ಅನುಭವ

ಕುಷ್ಟಗಿ ಕಡೆ ನಮ್ಮದು ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ. ಕಲ್ಲುಕಂಬ, ತಂತಿಯ ರೇಟು ಕೇಳಿಯೇ ಸುಮ್ಮನಾದೆ. ಒಣ ಮುಳ್ಳು ಹಚ್ಚಿದರೆ ಮುಂದಿನ ಬೇಸಿಗೆಗೆ ಗೆದ್ದಲಿನ ಪಾಲು. ಹಾಗಾಗಿ ಗಿಡದ ಬೇಲಿಗೇ ಕೈ ಹಾಕಿದೆ.

ಬಳ್ಳಾರಿ ಜಾಲಿ ಬೇಗ ಬರುತ್ತೆ, ಮುಳ್ಳೂ ಇದೆ. ಆದರೂ ಬೇಡ ಅಂದೆ. ದನ, ಕುರಿ ಅದರ ಕಾಯಿ ತಿಂದು ಬೀಜವನ್ನು ಹೊಲದ ತುಂಬ ಹರಡುತ್ತವೆ, ಆಮೇಲೆ ಕೀಳೋದೇ ಕೆಲಸ. ನಾನು ಹೊರಸಾಲಿಗೆ ಕತ್ತಾಳೆ, ನಡುವೆ ಮುಳ್ಳಿನ ಕವಳಿ ಗಿಡ, ಒಳಗೆ ಹಸಿರು ಸೊಪ್ಪಿನ ಗ್ಲಿರಿಸಿಡಿಯಾ ಹಚ್ಚಿದೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆದರೆ ಕತ್ತಾಳೆ ಮುಂದೆ ಅದೂ ಹಿಂದೆ ಸರಿಯುತ್ತೆ. ಬಾಯಿಗೆ ರುಚಿಯಾದ ಗಿಡ ಒಳಗಿರಬೇಕು, ಅಷ್ಟೇ.

ಬೇಸಿಗೆಯಲ್ಲೇ ಗಡಿಗುಂಟ ಕಾಲುವೆ ತೋಡಿಸಿ, ಮಣ್ಣನ್ನು ಒಳಬದಿಗೆ ಒಡ್ಡು ಹಾಕಿಸಿದೆ. ಕಾಲುವೆ ಪೂರ್ತಿ ನಮ್ಮ ಜಾಗದಲ್ಲೇ ಇದೆ. ಬೇಲಿ ವರ್ಷವರ್ಷಕ್ಕೂ ಅಗಲ ಆಗುತ್ತೆ, ಬಾಜು ಹೊಲದವರ ಜೊತೆ ತಕರಾರು ಯಾಕೆ, ಅಲ್ವಾ? ಮಿರಗದ (ಮೃಗಶಿರಾ) ಮಳೆ ಬಿದ್ದ ಮೇಲೆ ಒಡ್ಡಿನ ಮೇಲೆ ನಾಟಿ. ಕತ್ತಾಳೆ ಮರಿ ಹಳೇ ಗಿಡದ ಬುಡದಲ್ಲೇ ಸಿಗುತ್ತೆ, ಗ್ಲಿರಿಸಿಡಿಯಾಕ್ಕೆ ಬಲಿತ ಕೊಂಬೆ ಕಡಿದು ನೆಟ್ಟರೆ ಸಾಕು. ಕವಳಿ ಸಸಿ ಮಾತ್ರ ಹಿಂದಿನ ವರ್ಷವೇ ಪಾಕೀಟಿನಲ್ಲಿ ಎಬ್ಬಿಸಿದ್ದೆ. ಹಣ್ಣಿನಿಂದ ತೆಗೆದ ಬೀಜ ಆಗಲೇ ಹಾಕಬೇಕು, ಇಟ್ಟಷ್ಟೂ ಹುಟ್ಟೋದು ಕಡಿಮೆ. ಸಸಿಗಳ ನಡುವೆ ಒಂದೂವರೆ ಅಡಿ ಬಿಟ್ಟೆ.

ನಿಜವಾದ ಕೆಲಸ ಶುರುವಾಗೋದು ಗಿಡ ಹತ್ತಿದ ಮೇಲೆ. ಬೇಲಿಯ ಗಟ್ಟಿತನ ಎತ್ತರದಲ್ಲಿಲ್ಲ, ಬುಡದಲ್ಲಿದೆ. ಕವಳಿ ಮೊಣಕಾಲಮಟ್ಟ ಬಂದ ಕೂಡಲೇ ಕುಡಿ ಕತ್ತರಿಸಿದೆ. ನೋಡಿದವರು "ಚಲೋ ಬಂದ ಗಿಡ ಯಾಕ್ರೀ ಕಡೀತೀರಿ" ಅಂದರು. ಕಡಿದ ಜಾಗದಲ್ಲಿ ಬಿಳಿ ಹಾಲು ಒಸರಿತು, ಕೆಳಗಿನ ಗಂಟುಗಳಿಂದ ಎಳೆ ಕವಲು ಒಡೆದವು, ಒಂದೊಂದರಲ್ಲೂ ಜೋಡಿ ಮುಳ್ಳು. ಮಳೆಗಾಲ ಮುಗಿದ ಮೇಲೆ ಕುಕ್ಕರಗಾಲಲ್ಲಿ ಕೂತು ಬುಡ ನೋಡುತ್ತೇನೆ. ಆಚೆಯ ಬೆಳಕು ಕಂಡ ಕಡೆ ಆಡಿನ ಮರಿ ನುಗ್ಗುತ್ತೆ. ಅಲ್ಲಿ ಪಕ್ಕದ ಕೊಂಬೆ ಬಗ್ಗಿಸಿ ಅಡ್ಡ ಕಟ್ಟುತ್ತೇನೆ.

ಗ್ಲಿರಿಸಿಡಿಯಾ ಸೊಪ್ಪು ದಾಳಿಂಬೆ ಬುಡಕ್ಕೆ, ಕವಳಿಕಾಯಿ ಉಪ್ಪಿನಕಾಯಿಗೆ. ಕತ್ತಾಳೆ ಹೂಕೋಲು ಎತ್ತಿದರೆ ಆ ಗಿಡದ ಆಯಸ್ಸು ಮುಗೀತು, ಮರಿಗಳಲ್ಲೇ ಒಂದು ಆ ಜಾಗ ತುಂಬುತ್ತೆ. ಕಾಡುಹಂದಿಗೆ ಮಾತ್ರ ಇದು ಪೂರ್ತಿ ಮದ್ದಲ್ಲ, ಹಸಿದ ಹಂದಿ ಎಲ್ಲಾದರೂ ಸಂದು ಹುಡುಕುತ್ತೆ.

ಟ್ರ್ಯಾಕ್ಟರ್ ಹೋಗುವಷ್ಟು ಅಗಲಕ್ಕೆ ಒಂದೇ ಕಡೆ ಬಾಯಿ ಬಿಟ್ಟು ಪೈಪಿನ ಗೇಟು ಹಾಕಿಸಿದ್ದೇನೆ. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆ ಹೊಲದಲ್ಲಿ ಕುರಿ ತರುಬುವವರೂ (ಮಂದೆ ನಿಲ್ಲಿಸುವವರೂ) ಆ ದಾರಿಯಲ್ಲೇ ಬರುತ್ತಾರೆ.