ಬೆಕ್ಕಿಗೂ ಬೇಲಿ ನಿಲ್ಲುತ್ತದೆ: ತುರಹಳ್ಳಿ ಅಂಚಿನ ಹಿತ್ತಲಿನ ಅನುಭವ

ಬೆಕ್ಕಿಗೆ ಬೇಲಿ ಹಾಕುವುದು ಗಾಳಿಗೆ ಗೋಡೆ ಕಟ್ಟಿದ ಹಾಗೆ ಎಂದು ನಕ್ಕವರೇ ಈಗ ಅಳತೆ ಕೇಳಿಕೊಂಡು ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ. ನಮ್ಮ ಮನೆ ಬೆಂಗಳೂರಿನ ತುರಹಳ್ಳಿ ಕಾಡಿಗೆ ಹತ್ತಿರ. ಹಿತ್ತಲಿನಲ್ಲಿ ಒಂದು ನುಗ್ಗೆ ಮರ, ಬಾಳೆಯ ಮೆಳೆ, ಮೂರು ಬೆಕ್ಕುಗಳು.

ಜನ ಹೆದರುವುದು ಹದ್ದಿಗೆ. ನಮ್ಮ ಊರಿನ ಮೇಲೆ ಸುತ್ತುವ ಹದ್ದಿನ ತೂಕವೇ ಒಂದು ಕಿಲೋ ಮುಟ್ಟುವುದಿಲ್ಲ, ನಾಲ್ಕು ಕಿಲೋದ ಗಡವ ಬೆಕ್ಕನ್ನು ಅದು ಹೇಗೆ ಎತ್ತೀತು? ಮರಿಗಳನ್ನು ಮಾತ್ರ ತಾರಸಿಗೆ ಬಿಡಬೇಡಿ. ಚಿರತೆ 2023ರಲ್ಲಿ ನಗರದೊಳಗೆ ಕೂಡ್ಲು ಗೇಟಿನವರೆಗೂ ಬಂದಿತ್ತು. ಅದು ಬಂದರೆ ನನ್ನ ಬೇಲಿ ಲೆಕ್ಕಕ್ಕಿಲ್ಲ, ರಾತ್ರಿ ಬೆಕ್ಕು ಮನೆಯೊಳಗಿರಬೇಕು, ಅಷ್ಟೇ. ಮುಂಗುಸಿ ಮತ್ತು ಬೆಕ್ಕು ಒಂದನ್ನೊಂದು ಗುರಾಯಿಸಿ ದಾರಿ ಬದಲಿಸುತ್ತವೆ. ನಿಜವಾಗಿ ಕಾಡಿದ್ದು ಬೀದಿ ನಾಯಿಗಳು ಮತ್ತು ಹಾವು.

ಹಾವಿನ ಪಾಠಕ್ಕೆ ಇಪ್ಪತ್ತು ಸಾವಿರದ ಆಸುಪಾಸು ತೆತ್ತಿದ್ದೇನೆ. ಒಂದು ಮುಂಜಾನೆ ನಮ್ಮ ಬೆಕ್ಕು ಬೊಮ್ಮಿಯ ಹಿಂಗಾಲು ತೂರಾಡುತ್ತಿತ್ತು, ರೆಪ್ಪೆ ಜೋತುಬಿದ್ದಿತ್ತು. ನಾಗರಹಾವಿನ ವಿಷ ನರಗಳನ್ನು ಹಿಡಿಯುವ ಲಕ್ಷಣ ಅದು. ಕೊಳಕುಮಂಡಲವಾಗಿದ್ದರೆ ಸಾಮಾನ್ಯವಾಗಿ ರಕ್ತಸ್ರಾವ ಕಾಣುತ್ತಿತ್ತು. ವಿಷ ನಿರೋಧಕ ಚುಚ್ಚುಮದ್ದು ಎರಡಕ್ಕೂ ಒಂದೇ, ಆದರೆ ಅದು ದಾಸ್ತಾನಿದ್ದ ಚಿಕಿತ್ಸಾಲಯ ಸಿಕ್ಕಿದ್ದು ಮೂರನೆಯ ಕರೆಗೆ. ಅಂಥ ಚಿಕಿತ್ಸಾಲಯದ ಸಂಖ್ಯೆಯನ್ನು ಮೊದಲೇ ಮೊಬೈಲಿನಲ್ಲಿ ಇಟ್ಟುಕೊಂಡಿರಿ. ಬೊಮ್ಮಿ ಬದುಕಿತು.

ಆಮೇಲೆ ಬೆಳ್ಳುಳ್ಳಿ ನೀರು, ಫಿನಾಯಿಲ್, ಗಂಧಕ ಎಲ್ಲವನ್ನೂ ಚೆಲ್ಲಿ ನೋಡಿದೆ. ಕೇರೆಹಾವು ಫಿನಾಯಿಲ್ ಗೆರೆಯನ್ನು ದಾಟಿಕೊಂಡೇ ಹೋಯಿತು.

ಫಲ ಕೊಟ್ಟದ್ದು ರಂಗೋಲಿ ಪುಡಿ. ರಾತ್ರಿ ಗೋಡೆಯ ಬುಡದುದ್ದಕ್ಕೂ ತೆಳುವಾಗಿ ಜರಡಿ ಹಿಡಿದು ಬೆಳಿಗ್ಗೆ ಹೆಜ್ಜೆ ಓದುತ್ತಿದ್ದೆ. ನಾಲ್ಕು ಬೆರಳು, ಉಗುರಿಲ್ಲದಿದ್ದರೆ ಬೆಕ್ಕು, ನಾಲ್ಕು ಬೆರಳಿಗೆ ಉಗುರಿದ್ದರೆ ನಾಯಿ. ಐದು ಬೆರಳಿನ ಪುನುಗು ಬೆಕ್ಕು ಕೂಡ ಬರುತ್ತಿತ್ತು ಎಂದು ತಿಳಿದಾಗ ಮನೆಯವರಿಗೆ ನನ್ನ ಹುಚ್ಚಿನ ಮೇಲೆ ಸ್ವಲ್ಪ ಗೌರವ ಬಂತು. ಬಹುಪಾಲು ಹೆಜ್ಜೆಗಳು ಮಾತ್ರ ಹೆಗ್ಗಣದವು, ಎಲ್ಲವೂ ಹೊರಗಿಟ್ಟ ಬೆಕ್ಕಿನ ತಟ್ಟೆಯ ಕಡೆಗೆ. ತಟ್ಟೆಯಿಂದ ಹೆಗ್ಗಣ, ಹೆಗ್ಗಣದಿಂದ ಹಾವು! ತಟ್ಟೆಯನ್ನು ಒಳಗೆ ತಂದು ಬಾಳೆಯ ಬುಡದ ಒಣಗರಿ ಗುಡಿಸಿದ ಮೇಲೆ, ತಿಂಗಳು ಕಳೆಯುವಷ್ಟರಲ್ಲಿ ಹೆಗ್ಗಣದ ಗುರುತು ಕಾಲು ಭಾಗಕ್ಕೆ ಇಳಿಯಿತು. ಇದಕ್ಕೆ ಖರ್ಚು ಸೊನ್ನೆ.

ಬೇಲಿಗೆ ಹಾಗಲ್ಲ. ಮೊದಲು ಕಾಂಪೌಂಡಿನ ಮೇಲೆ, ಬೆಕ್ಕಿಗೆ ಹಿಡಿತ ಸಿಗದಿರಲೆಂದು, ತಿರುಗುವ ಪಿವಿಸಿ ಕೊಳವೆ ಹಾಕಿಸಿದೆ, ಐದಾರು ಸಾವಿರ ಆಗಿರಬೇಕು. ಮಳೆ, ದೂಳು ಸೇರಿ ಕೊಳವೆ ತಿರುಗುವುದನ್ನು ನಿಲ್ಲಿಸಿತು, ಬೆಕ್ಕುಗಳು ಅದರ ಮೇಲೆ ಬಿಸಿಲು ಕಾಯಿಸತೊಡಗಿದವು. ಎರಡನೆಯದು ನೈಲಾನ್ ಬಲೆ. ಕೋತಿಗಳು ಅದರಲ್ಲಿ ಜೋತಾಡಿ ಹರಿದು ಹಾಕಿದವು. ಹರಿದು ನೆಲಕ್ಕೆ ಇಳಿಬಿದ್ದ ತುದಿಯಲ್ಲಿ ಒಂದು ಕೇರೆಹಾವು ಸಿಕ್ಕಿಕೊಂಡಿತು. ಹಾವು ಹಿಡಿಯುವವರು ಬಂದು ಕತ್ತರಿಯಿಂದ ಒಂದೊಂದೇ ಎಳೆ ಬಿಡಿಸಿದರು. ನೆಲದ ಹತ್ತಿರ ಸಡಿಲ ಬಲೆ ಬೇಡವೇ ಬೇಡ.

ಮೂರನೆಯದು ನಿಂತಿತು. ಎಸ್.ಜೆ.ಪಿ. ರಸ್ತೆಯ ಅಂಗಡಿಗಳಿಂದ ಆ್ಯಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಮತ್ತು ಒಂದು ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸೆದ ತಂತಿ ಜಾಲರಿ) ತಂದೆ. ಗೋಡೆಯ ಮೇಲೆ ಮೂರು ಅಡಿ ನೇರ, ಅದರ ಮೇಲೆ ಒಂದೂವರೆ ಅಡಿ ಒಳಕ್ಕೆ ಬಾಗಿದ ಚಾಚು. ಚಾಚಿನ ಜಾಲರಿ ಬಿಗಿಯಾಗಿರಬಾರದು, ಬೆಕ್ಕು ಕಾಲಿಟ್ಟರೆ ಅಲುಗಾಡಬೇಕು. ಎಷ್ಟು ಸಡಿಲ, ಎಲ್ಲಿ ಕಟ್ಟು ಎಂಬುದು ನನ್ನ ಕೈಗುಣ, ಅದನ್ನು ಇಲ್ಲಿ ಬರೆಯುವುದಿಲ್ಲ. ಬೆಕ್ಕು ಹತ್ತದಂತೆ ನುಗ್ಗೆ ಮರಕ್ಕೆ ಎರಡು ಅಡಿ ಅಗಲದ ತಗಡು ಸುತ್ತಿದೆ. ವೆಲ್ಡಿಂಗ್ ಕೂಲಿ ಸೇರಿ ಇಪ್ಪತ್ತೆರಡು ಸಾವಿರದ ಹತ್ತಿರ. ನಾಯಿ ಒಳಗೆ ಬರುವುದಿಲ್ಲ, ಬೆಕ್ಕು ಹೊರಗೆ ಹೋಗುವುದಿಲ್ಲ. ಸಣ್ಣ ಹಾವನ್ನು ಮೆಶ್ ತಡೆಯದು, ಅದಕ್ಕೇ ಮುಸ್ಸಂಜೆಗೆ ಮುಂಚೆ ಮೂರನ್ನೂ ಒಳಗೆ ಕರೆಯುತ್ತೇನೆ. ಒಣಮೀನಿನ ಡಬ್ಬಿ ಅಲ್ಲಾಡಿಸಿದರೆ ಓಡಿ ಬರುತ್ತವೆ. ಅದರೊಳಗೆ ಇನ್ನೊಂದು ಪದಾರ್ಥವೂ ಇದೆ, ಮನೆಗೆ ಬಂದವರಿಗೆ ಮಾತ್ರ ಹೇಳುತ್ತೇನೆ.

ಆ್ಯಂಗಲ್‌ಗೆ ಆಗಲೇ ತುಕ್ಕು ಹಿಡಿಯುತ್ತಿದೆ. ನೀವು ಮಾಡಿಸುವುದಾದರೆ ಮೂರು ನಾಲ್ಕು ಸಾವಿರ ಹೆಚ್ಚಾದರೂ ಸತು ಲೇಪಿಸಿದ ಕಬ್ಬಿಣವನ್ನೇ ತನ್ನಿ.