ಬಾಡಿಗೆ ಮನೆಗಿಂತ ಮೊದಲು ಟ್ರೇನ್ ನೋಡಿ

ಮುಂಬೈಗೆ ಕೆಲಸಕ್ಕೆ ಬರುತ್ತಿರುವವರು ಮೊದಲು ಕೇಳುವುದು ಬಾಡಿಗೆ ಎಷ್ಟು ಅಂತ. ನಾವೂ ಅದನ್ನೇ ಕೇಳಿದ್ದೆವು. 2007ರಲ್ಲಿ ಧಾರವಾಡದಿಂದ ಬಂದಾಗ ಮಗಳಿಗೆ ಎರಡು ವರ್ಷ. ನನ್ನ ಆಫೀಸು ಫೋರ್ಟ್‌ನಲ್ಲಿ, ಮನೆ ಹಿಡಿದದ್ದು ಬದ್ಲಾಪುರದಲ್ಲಿ. ಎರಡು ಕೋಣೆ, ಒಳ್ಳೆ ಗಾಳಿ, ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು. ಫೋರ್ಟ್‌ಗೆ ಇಳಿಯುವ ಸ್ಟೇಷನ್ ಸಿಎಸ್‌ಎಂಟಿ, ಆಗ ಸಿಎಸ್‌ಟಿ ಅನ್ನುತ್ತಿದ್ದರು. ಅಲ್ಲಿಂದ ಮನೆಗೆ 68 ಕಿಲೋಮೀಟರ್. ಧಾರವಾಡದಿಂದ ಬೆಳಗಾವಿಗೆ ದಿನಾ ಓಡಾಡುವವರನ್ನು ಕಂಡವಳು ನಾನು. ಅವರು ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುತ್ತಾರೆ. ಹೆಚ್ಚುಕಮ್ಮಿ ಅಷ್ಟೇ ದೂರ ಅಲ್ವಾ ಅಂದುಕೊಂಡೆ. ಇಲ್ಲಿ ಕೂರಲು ಜಾಗ ಸಿಗುವುದಿಲ್ಲ ಅನ್ನುವುದು ಲೆಕ್ಕದಲ್ಲೇ ಇರಲಿಲ್ಲ.

ಈ ಊರು ಉದ್ದಕ್ಕೆ ಚಾಚಿದ ನಾಲಿಗೆಯ ಹಾಗಿದೆ. ಹಳೆಯ ಆಫೀಸುಗಳೆಲ್ಲ ದಕ್ಷಿಣದ ತುದಿಯಲ್ಲಿ ಸೇರಿಕೊಂಡವು. ಜನ ಉತ್ತರಕ್ಕೆ ಹರಡಿದರು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೋಯಿತು, 34 ಕಿಲೋಮೀಟರ್. ಆ ಹಳಿಯ ಗುಂಟ ಊರು ಬೆಳೆಯುತ್ತ ಹೋಯಿತು. ಅದಕ್ಕೇ ಬೆಳಿಗ್ಗೆ ಎಲ್ಲರೂ ದಕ್ಷಿಣಕ್ಕೆ, ಸಂಜೆ ಎಲ್ಲರೂ ಉತ್ತರಕ್ಕೆ. ಕೋವಿಡ್‌ಗೆ ಮೊದಲು ದಿನಕ್ಕೆ ಸುಮಾರು 75 ಲಕ್ಷ ಜನ ಲೋಕಲ್‌ನಲ್ಲಿ ಓಡಾಡುತ್ತಿದ್ದರು. ಚರ್ಚ್‌ಗೇಟ್‌ನಿಂದ ಹೋಗುವುದು ವೆಸ್ಟರ್ನ್, ಸಿಎಸ್‌ಎಂಟಿಯಿಂದ ಠಾಣೆ, ಕಲ್ಯಾಣದ ಕಡೆಗೆ ಸೆಂಟ್ರಲ್, ವಾಶಿ, ಪನ್ವೇಲ್ ಕಡೆಗೆ ಹಾರ್ಬರ್. ಆಫೀಸು ಯಾವ ಲೈನಿನಲ್ಲಿದೆಯೋ ಮನೆಯೂ ಅದೇ ಲೈನಿನಲ್ಲಿರಲಿ. ದಾದರ್‌ನಲ್ಲಿ ಲೈನ್ ಬದಲಿಸಿದರಾಯಿತು ಅಂತ ಬ್ರೋಕರ್ ಹೇಳುತ್ತಾನೆ. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಲೈನ್ ದಾಟುವ ಸೇತುವೆಯ ಮೇಲೆ ಒಮ್ಮೆ ನಡೆದು ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.

ಪಾಸ್ ಮೊಬೈಲಿನಲ್ಲೇ ಸಿಗುತ್ತದೆ, ಮೊದಲ ದಿನವೇ ಮಾಡಿಸಿ. ಫಸ್ಟ್ ಕ್ಲಾಸಿನ ಡಬ್ಬಿ ಬೇರೆ ಇರುತ್ತದೆ, ಸೆಕೆಂಡ್ ಕ್ಲಾಸ್ ಪಾಸಿನಲ್ಲಿ ಅದಕ್ಕೆ ಹತ್ತಬೇಡಿ.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಬಂದು ಮೂರು ವಾರ ಆಗಿತ್ತು. ಕುರ್ಲಾದಲ್ಲಿರುವ ಅತ್ತಿಗೆ ಊಟಕ್ಕೆ ಕರೆದಿದ್ದರು. ಸಂಜೆ ಆರಕ್ಕೆ ಸಿಎಸ್‌ಟಿಯಲ್ಲಿ ಕರ್ಜತ್ ಫಾಸ್ಟ್ ಹತ್ತಿದೆ, ಬದ್ಲಾಪುರ ದಾಟಿ ದೂರ ಹೋಗುವ, ಕೆಲವೇ ಸ್ಟೇಷನ್‌ನಲ್ಲಿ ನಿಲ್ಲುವ ಗಾಡಿ. ಕುರ್ಲಾದಲ್ಲಿ ನಿಲ್ಲುತ್ತದೆ ಅಂತ ಕೇಳಿಕೊಂಡೇ ಹತ್ತಿದ್ದೆ. ಸ್ಟೇಷನ್ ಬಂದಾಗ ಎದ್ದೆ. ಊರಲ್ಲಿ ನಾವು ಮಾಡುವುದೇ ಹಾಗಲ್ವಾ, ಬಸ್ಸು ನಿಂತ ಮೇಲೆ ಏಳುವುದು? ಬಾಗಿಲಿಗೂ ನನಗೂ ನಡುವೆ ನಲವತ್ತು ಹೆಂಗಸರು. ಅರ್ಧ ನಿಮಿಷದೊಳಗೆ ಗಾಡಿ ಹೊರಟಿತು. ಘಾಟ್ಕೋಪರ್‌ನಲ್ಲೂ ಆಗಲಿಲ್ಲ. ಠಾಣೆಯಲ್ಲಿ ಇಳಿದಾಗ ಒಂದು ಚಪ್ಪಲಿ ಇರಲಿಲ್ಲ, ಸೆರಗಿನ ಪಿನ್ ಕಿತ್ತು ಹೋಗಿತ್ತು. ಅವರಿಗೆಲ್ಲ ಕೂಗಾಡಿಬಿಟ್ಟಿದ್ದೆ, ಕನ್ನಡದಲ್ಲೇ. ಇವತ್ತಿಗೂ ಅದು ನೆನಪಾದರೆ ನಾಚಿಕೆಯಾಗುತ್ತದೆ. ಅವರು ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮಾಡಿಟ್ಟು ಬಂದವರು. ಆ ಗಾಡಿ ತಪ್ಪಿದರೆ ಅವರ ಮನೆಯಲ್ಲಿ ರಾತ್ರಿ ಒಲೆ ಹತ್ತುವುದು ತಡ. ಕುರ್ಲಾಕ್ಕೆ ಹೋಗುವವಳು ಎಲ್ಲ ಸ್ಟೇಷನ್‌ನಲ್ಲೂ ನಿಲ್ಲುವ ಸ್ಲೋ ಹತ್ತಬೇಕಿತ್ತು. ದೂರದವರ ಗಾಡಿಯನ್ನು ದೂರದವರಿಗೆ ಬಿಡಬೇಕು.

ಹಾಗಾಗಿ ಎರಡು ಸ್ಟೇಷನ್ ಮೊದಲೇ ಎದ್ದು ಬಾಗಿಲ ಕಡೆ ಸರಿಯಿರಿ. ಮುಂದಿರುವವರನ್ನು "ಕುರ್ಲ್ಯಾಲಾ ಉತರಣಾರ್ ಕಾ?" ಅಂತ ಕೇಳಿ, ಕುರ್ಲಾದಲ್ಲಿ ಇಳಿಯುತ್ತೀರಾ ಅಂತ. ಹೌದು ಅಂದರೆ ಅವರ ಬೆನ್ನ ಹಿಂದೆ ನಿಲ್ಲಿ, ಇಲ್ಲ ಅಂದರೆ ಜಾಗ ಬದಲಿಸಿಕೊಳ್ಳಿ. ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆ ಅಂತಲೂ ಅವರೇ ಹೇಳುತ್ತಾರೆ. ಬ್ಯಾಗು ಎದೆಯ ಮೇಲಿರಲಿ.

ಇನ್ನೊಂದು ತಪ್ಪು ನನ್ನನ್ನು ಇನ್ನೂ ಸುಡುತ್ತದೆ. ಮಾಟುಂಗಾದಲ್ಲಿ ಒಂದು ಕನ್ನಡ ಕಾರ್ಯಕ್ರಮ. ಮಗಳು ಹಾಡಬೇಕಿತ್ತು, ಆಗ ಆರು ವರ್ಷ. ಭಾನುವಾರ, ಗಾಡಿ ಖಾಲಿ ಇರುತ್ತದೆ ಅಂತ ನಿಧಾನಕ್ಕೆ ಹೊರಟೆವು. ಅವತ್ತು ಮೆಗಾ ಬ್ಲಾಕ್. ಭಾನುವಾರ ಹಗಲು ಕೆಲವು ಗಂಟೆ ಲೈನ್ ಮುಚ್ಚಿ ಹಳಿ, ಸಿಗ್ನಲ್, ವಿದ್ಯುತ್ ತಂತಿ ರಿಪೇರಿ ಮಾಡುತ್ತಾರೆ. ಶನಿವಾರವೇ ಪತ್ರಿಕೆಯಲ್ಲಿ ಬಂದಿರುತ್ತದೆ. ನಾನು ನೋಡಿರಲಿಲ್ಲ. ಹೋಗಿ ಮುಟ್ಟುವಾಗ ಕುರ್ಚಿ ಮಡಚಿಡುತ್ತಿದ್ದರು. ಮಗಳು ರೇಷ್ಮೆ ಲಂಗ ಹಾಕಿಕೊಂಡು ಖಾಲಿ ವೇದಿಕೆಯ ಮುಂದೆ ನಿಂತಳು. ಅಳಲಿಲ್ಲ. ಆಮೇಲೆ ಹಾಡು ಅಂದರೆ ಎಷ್ಟೋ ದಿನ ಹಾಡಲೂ ಇಲ್ಲ.

ಅಷ್ಟರಲ್ಲಿ ಅವಳ ಕನ್ನಡವೂ ಕಡಿಮೆಯಾಗುತ್ತ ಬಂದಿತ್ತು. ಯಾಕೆ ಅಂತ ಹುಡುಕಿದರೆ ಉತ್ತರ ಟೈಮ್‌ಟೇಬಲ್‌ನಲ್ಲೇ ಇತ್ತು. ಅವಳು ಏಳುವ ಮೊದಲು ನಾನು ಮನೆ ಬಿಡುತ್ತಿದ್ದೆ. ಬರುವಾಗ ಅವಳಿಗೆ ನಿದ್ದೆ. ಅವರಪ್ಪನದೂ ಅದೇ ಪಾಡು. ಹಗಲೆಲ್ಲ ಪಕ್ಕದ ಮನೆಯ ಆಜಿ ನೋಡಿಕೊಳ್ಳುತ್ತಿದ್ದರು. ಪ್ರೀತಿಯ ಹೆಂಗಸು, ಅವರ ಋಣ ತೀರುವುದಿಲ್ಲ. ಅವರ ಮರಾಠಿ ಮಗಳಿಗೆ ಬಂತು, ನಮ್ಮ ಮಾತು ಬರಲಿಲ್ಲ. ಒಂದು ದಿನ ಕಿಟಕಿಯಲ್ಲಿ ನಿಂತು "ಅಮ್ಮಾ, ಮಳೆ ಪಡ್ತಾ ಇದೆ" ಅಂದಳು. ಮರಾಠಿಯಲ್ಲಿ ಮಳೆ 'ಪಡತೋ', ನಮ್ಮಲ್ಲಿ ಬರುತ್ತದೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಂತ ಟ್ರೇನನ್ನು ದೂರಲಾರೆ. ಲೇಡೀಸ್ ಡಬ್ಬಿಯಲ್ಲಿ ನನಗೆ ಸಿಕ್ಕ ಗೆಳತಿಯರು ಊರಲ್ಲೂ ಸಿಕ್ಕಿರಲಿಲ್ಲ. ಸೊಪ್ಪು ಬಿಡಿಸುತ್ತ, ಬಟಾಣಿ ಸುಲಿಯುತ್ತ ಬರುತ್ತಿದ್ದೆವು. ದಸರಾಕ್ಕೆ ಡಬ್ಬಿಗೆ ಮಾಲೆ ಹಾಕಿ ಪೂಜೆ ಮಾಡುತ್ತಿದ್ದೆವು. ಮೂವರ ಸೀಟಿನಲ್ಲಿ ತುದಿಗೆ ನಾಲ್ಕನೆಯವಳಾಗಿ ಕೂರಿಸಿಕೊಂಡವರಲ್ಲಿ ಒಬ್ಬರು ಕುಂದಾಪುರದವರು ಅಂತ ಗೊತ್ತಾಗಿದ್ದು ಎಂಟು ತಿಂಗಳ ಮೇಲೆ. ಅವರು ಫೋನಿನಲ್ಲಿ ತಮ್ಮ ಅಮ್ಮನಿಗೆ "ಹ್ವಾಯ್" ಅಂದಾಗ! ದಿನಾ ಒಂದೇ ಗಾಡಿ, ಒಂದೇ ಡಬ್ಬಿ, ಒಂದೇ ಬಾಗಿಲು ಹಿಡಿಯಿರಿ. ಜನ ತಾವಾಗಿಯೇ ಸಿಗುತ್ತಾರೆ.

ಎರಡು ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳಬೇಡಿ. ಹಳಿ ದಾಟಬೇಡಿ, ಬಾಗಿಲಲ್ಲಿ ಜೋತಾಡಬೇಡಿ. ಕೋವಿಡ್ ನಂತರವೂ ವರ್ಷಕ್ಕೆ ಎರಡು ಸಾವಿರಕ್ಕೂ ಜಾಸ್ತಿ ಜನ ಈ ಹಳಿಗಳಲ್ಲಿ ಸತ್ತಿದ್ದಾರೆ. ಮುಂದಿನ ಗಾಡಿ ಬರುತ್ತದೆ. ಜೋರು ಮಳೆಗೆ ಸಾಯನ್, ಕುರ್ಲಾ ಹತ್ತಿರ ಹಳಿಗೆ ನೀರು ನುಗ್ಗುತ್ತದೆ, ಅಂಥ ದಿನ ಆಫೀಸಿನಲ್ಲೇ ಉಳಿಯಿರಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆಯಾಗಿತ್ತು. ಅವತ್ತು ಸೊಂಟದವರೆಗಿನ ನೀರಲ್ಲಿ ನಡೆದವರು ನಮ್ಮ ಡಬ್ಬಿಯಲ್ಲೇ ಇದ್ದರು.

ಮಗಳಿಗೆ ಏಳು ತುಂಬಿದಾಗ ಅದೇ ಲೈನಿನಲ್ಲಿ, ಆಫೀಸಿಗೆ ಹತ್ತಿರದ ಮುಲುಂಡ್‌ಗೆ ಬಂದೆವು. ಒಂದೇ ಕೋಣೆ, ಬಾಡಿಗೆ ಹೆಚ್ಚು, ಗುಡ್ಡ ಕಾಣುವುದಿಲ್ಲ. ದಿನಕ್ಕೆ ಎರಡು ಗಂಟೆ ಕೈಗೆ ಬಂತು. ಆ ಎರಡು ಗಂಟೆಯಲ್ಲಿ ರೊಟ್ಟಿ ಬಡಿಯುತ್ತ ಅವಳ ಜೊತೆ ಮಾತಾಡಿದೆ, ಸುಮ್ನೆ ಏನೇನೋ. ಸ್ಲೇಟಿನ ಮೇಲೆ ಅಕ್ಷರ ಬರೆಸಿದೆ. ಐದು ವರ್ಷ ಹೋದದ್ದು ಹೋಯಿತು, ಅದು ಪೂರ್ತಿ ತುಂಬಲಿಲ್ಲ.

ಈಗ ಅವಳೇ ಇದೇ ಲೈನಿನಲ್ಲಿ ಕೆಲಸಕ್ಕೆ ಓಡಾಡುತ್ತಾಳೆ. ಮೊನ್ನೆ ಸಂಜೆ ದಾದರ್‌ನಿಂದ ಫೋನ್ ಮಾಡಿದಳು. "ಅಮ್ಮಾ, ಮಳೆ ಪಡ್ತಾ ಇದೆ, ಗಾಡಿ ಲೇಟು, ನೀನು ಊಟ ಮಾಡು." ನಾನು ತಿದ್ದಲಿಲ್ಲ. ಅನ್ನಕ್ಕೆ ಮುಚ್ಚಳ ಮುಚ್ಚಿ ಕಾದು ಕೂತೆ.